ಮಾಗಿಯ ಚಳಿಯಲ್ಲಿ ಮನೆಯೊಳಗೊಂದು ಸಸಿಮಡಿ

ಧನುರ್ಮಾಸವೆಂದರೆ ನಮ್ಮ ಮಂಡ್ಯ ಸೀಮೆಯ ಗೃಹಿಣಿಯರಿಗೆ ಬಿಡುವಿಲ್ಲದ ಕಾಲ. ಕೃಷ್ಣರಾಜಪೇಟೆ, ನಾಗಮಂಗಲದ ಕಡೆ ರಾಗಿಯ ಮೆದೆ ಕಣಕ್ಕೆ ಬಂದಿರುತ್ತದೆ. ಪಾಂಡವಪುರ, ಶ್ರೀರಂಗಪಟ್ಟಣದ ಕಡೆ ಭತ್ತದ ಒಕ್ಕಣೆ ನಡೆದಿರುತ್ತದೆ. ಅಡಿಗೆಮನೆಯಲ್ಲಿ ಸೊಗಡಿನ ಅವರೆಯ ಪರಿಮಳ ತುಂಬಿರುತ್ತದೆ. ಇಂತಹ ಸಮೃದ್ಧಿಯ ನಡುವೆ ಬೇಸಿಗೆಯ ತರಕಾರಿಯ ಚಿಂತೆ ಯಾರ ಮನಸ್ಸಿಗೂ ಬಾರದಿರುವುದು ಸಹಜವೇ. ಆದರೆ ಬಸವಜಯಂತಿಯ ಅಡಿಗೆಗೆ ಹಿತ್ತಲಿನ ಬದನೆ ಒದಗುವುದೋ, ಸಂತೆಯಿಂದ ಕೊಂಡು ತರಬೇಕಾಗುವುದೋ ಎಂಬುದು ನಿರ್ಧಾರವಾಗುವುದು ಈ ಚಳಿಯ ದಿನಗಳಲ್ಲಿಯೇ.

ಬದನೆ, ಟೊಮೆಟೊ, ಮೆಣಸಿನಕಾಯಿ, ಈ ಮೂರೂ ಒಟ್ಟಲು ಹಾಕಿ ಸಸಿ ಎಬ್ಬಿಸಿ, ಬಳಿಕ ಕಿತ್ತು ನೆಡಬೇಕಾದ ಗಿಡಗಳು. ಶಿವರಾತ್ರಿಗೆ ಮೊದಲು ಸಸಿಗಳು ಹಿತ್ತಲಿನಲ್ಲಿ ಬೇರೂರಿದರೆ, ಬಿಸಿಲು ಏರುವ ಮುನ್ನ ಗಿಡ ಬಲಿತು ಹೂ ಕಚ್ಚುತ್ತದೆ. ತಡವಾದರೆ ಹೂ ಬಿಡುವ ಕಾಲಕ್ಕೆ ಸರಿಯಾಗಿ ಸುಡುಬಿಸಿಲು ಎದುರಾಗುತ್ತದೆ. ಹಗಲಿನ ಉಷ್ಣತೆ 35 ಡಿಗ್ರಿ ದಾಟಿತೆಂದರೆ ಟೊಮೆಟೊ ಗಿಡದಲ್ಲಿ ಹೂ ಉದುರುವುದು ಹೆಚ್ಚು, ಕಾಯಿ ಕಚ್ಚುವುದು ಕಡಿಮೆ. ಮೇಲಾಗಿ ಬೇಸಿಗೆಯಲ್ಲಿ ಕಾಲುವೆಯ ನೀರಿನ ಭರವಸೆ ತಗ್ಗುತ್ತದೆ, ಬಾವಿಯ ನೀರು ಇಳಿಯುತ್ತದೆ. ಆಗ ಎಳೆಯ ಸಸಿಯನ್ನು ಉಳಿಸಿಕೊಳ್ಳುವುದಕ್ಕಿಂತ ಬೇರು ಬಿಟ್ಟ ಗಿಡವನ್ನು ಕಾಪಾಡುವುದು ಎಷ್ಟೋ ಸುಲಭ. ಆದುದರಿಂದ ಬೀಜ ಬಿತ್ತಲು ಧನುರ್ಮಾಸವೇ ತಕ್ಕ ಕಾಲ. ತೊಡಕೆಂದರೆ, ಅದೇ ವರ್ಷದ ಅತ್ಯಂತ ತಂಪಿನ ಕಾಲವೂ ಹೌದು.

ಚಳಿ ಮಾಡುವುದೇನು?

ಬೀಜವು ಮೊಳೆಯಲು ನೀರು, ಗಾಳಿ, ಶಾಖ ಮೂರೂ ಬೇಕು. ಮೊದಲಿನ ಎರಡನ್ನು ಒದಗಿಸಲು ನಾವು ಮರೆಯುವುದಿಲ್ಲ, ಮೂರನೆಯದನ್ನು ಮರೆಯುತ್ತೇವೆ. ಮಣ್ಣಿನ ಉಷ್ಣತೆ 25 ಡಿಗ್ರಿಯಷ್ಟಿದ್ದರೆ ಟೊಮೆಟೊ ಬೀಜ ಸುಮಾರು 6 ದಿನಗಳಲ್ಲಿ ಮೊಳೆಯುತ್ತದೆ. 20 ಡಿಗ್ರಿಗೆ ಇಳಿದರೆ 8 ದಿನ ಬೇಕು. 15 ಡಿಗ್ರಿಯಲ್ಲಿ 14 ದಿನಗಳೇ ಬೇಕಾಗುತ್ತವೆ. ಮೆಣಸಿನಕಾಯಿಯದು ಇನ್ನೂ ನಾಜೂಕು. 25 ಡಿಗ್ರಿಯಲ್ಲಿ 8 ದಿನಗಳಿಗೆ ತಲೆಯೆತ್ತುವ ಬೀಜ 20 ಡಿಗ್ರಿಯಲ್ಲಿ 13 ದಿನ, 15 ಡಿಗ್ರಿಯಲ್ಲಿ 25 ದಿನಗಳವರೆಗೂ ಮಣ್ಣಿನಲ್ಲಿ ಮಲಗಿರುತ್ತದೆ. ಬದನೆಗೆ 30 ಡಿಗ್ರಿಯಲ್ಲಿ 5 ದಿನ ಸಾಕಾದರೆ, 20 ಡಿಗ್ರಿಯಲ್ಲಿ 13 ದಿನಗಳು ಬೇಕು.

ನಮ್ಮ ಸೀಮೆಯಲ್ಲಿ ಡಿಸೆಂಬರ್, ಜನವರಿ ತಿಂಗಳುಗಳ ಬೆಳಗಿನ ಜಾವ ಉಷ್ಣತೆ 15–16 ಡಿಗ್ರಿಗೆ ಇಳಿಯುವುದು ಸಾಮಾನ್ಯ. ಕೆಲವು ದಿನ ಇನ್ನೂ ಕೆಳಗೆ ಹೋಗುವುದುಂಟು. ಹಗಲಿನಲ್ಲಿ ಬಿಸಿಲು ಬರುವುದರಿಂದ ಬೀಜ ಪೂರ್ತಿ ಸೋಲುವುದಿಲ್ಲವೆಂಬುದು ನಿಜ. ಆದರೆ ವಾರ, ಹತ್ತು ದಿನ ತಡವಾಗುತ್ತದೆ. ತಡವಾದಷ್ಟೂ ಇರುವೆ ಹೊತ್ತೊಯ್ಯುವುದು, ಒದ್ದೆ ಮಣ್ಣಿನಲ್ಲಿ ಕೊಳೆಯುವುದು ಹೆಚ್ಚುತ್ತದೆ. “ಬೀಜವೇ ಸರಿಯಿಲ್ಲ” ಎಂದು ದೂರುವವರ ಪಾತಿಯಲ್ಲಿ ಬಹಳ ಸಲ ಕೆಟ್ಟಿರುವುದು ಬೀಜವಲ್ಲ. ಬೀಜಕ್ಕೆ ಬೇಕಾದ ಬೆಚ್ಚನೆ ದೊರೆತಿರುವುದಿಲ್ಲ, ಅಷ್ಟೆ.

ಇದಕ್ಕೆ ಪರಿಹಾರ ನಮ್ಮ ಮನೆಯೊಳಗೇ ಇದೆ. ಬೀಜ ಮೊಳೆಯುವವರೆಗಿನ ವಾರ, ಹತ್ತು ದಿನಗಳ ಮಟ್ಟಿಗೆ ಸಸಿಮಡಿಯನ್ನು ಅಂಗಳದಿಂದ ಮನೆಯ ಬೆಚ್ಚಗಿನ ಮೂಲೆಗೆ ತಂದುಕೊಂಡರೆ ಸಾಕು.

ಹೊಸ ವಿದ್ಯೆಯೇನೂ ಅಲ್ಲ

ಈ ಉಪಾಯ ಜಗತ್ತಿನಲ್ಲಿ ಬಹು ಹಳೆಯದು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ರೋಮ್ ಸಾಮ್ರಾಜ್ಯದ ಚಕ್ರವರ್ತಿ ತಿಬೇರಿಯಸನಿಗೆ ಸೌತೆಯ ಜಾತಿಯ ಕಾಯಿಯೊಂದು ಬಹು ಪ್ರಿಯವಾಗಿತ್ತಂತೆ. ಅದಕ್ಕಾಗಿ ತೋಟಗಾರರು ಚಕ್ರಗಳ ಮೇಲೆ ಪಾತಿ ಮಾಡಿ, ಬಿಸಿಲಿದ್ದಾಗ ಹೊರಗೆ ತಳ್ಳಿ, ಚಳಿಯ ದಿನಗಳಲ್ಲಿ ಬೆಳಕು ತೂರುವ ತೆಳುಶಿಲೆಯ ಮರೆಗೆ ಒಯ್ಯುತ್ತಿದ್ದರೆಂದು ಅಂದಿನ ಲೇಖಕ ಪ್ಲಿನಿ ಬರೆದಿಟ್ಟಿದ್ದಾನೆ. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ ನಗರದ ತರಕಾರಿ ಬೆಳೆಗಾರರು ಕುದುರೆಯ ಲದ್ದಿಯನ್ನು ರಾಶಿ ಹಾಕಿ, ಅದು ಕೊಳೆಯುವಾಗ ಹುಟ್ಟುವ ಕಾವಿನ ಮೇಲೆ ಚಳಿಗಾಲದಲ್ಲೂ ಸಸಿ ಎಬ್ಬಿಸುತ್ತಿದ್ದರು. ಹಿಮ ಬೀಳುವ ದೇಶಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳು ಇಂದಿಗೂ ಬದನೆ, ಮೆಣಸಿನ ಬೀಜವನ್ನು ಕಿಟಕಿಯ ಬಳಿಯ ಕುಂಡಗಳಲ್ಲಿಯೋ ದೀಪದ ಕೆಳಗೋ ಮೊಳೆಸಿ, ಹಿಮದ ಭಯ ಕಳೆದ ಮೇಲೆಯೇ ಹೊರಗೆ ನೆಡುತ್ತವೆ. ಅವರಿಗೆ ಎರಡು ತಿಂಗಳ ಮನೆವಾಸ ಬೇಕಾದದ್ದು ನಮಗೆ ಹತ್ತು ದಿನಗಳಲ್ಲಿ ಮುಗಿಯುತ್ತದೆ. ಇದು ನಮ್ಮ ನೆಲದ ಭಾಗ್ಯ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಭತ್ತದ ಬೀಜವನ್ನು ನೆನೆಹಾಕಿ, ಗೋಣಿಚೀಲದಲ್ಲಿ ಕಟ್ಟಿ, ಹುಲ್ಲು ಮುಚ್ಚಿ ಮೊಳಕೆ ಬರಿಸುವುದನ್ನು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇತ್ತೀಚಿನ ವರ್ಷಗಳಲ್ಲಿ ಕಬ್ಬಿಗೂ ಇಂತಹುದೇ ಕ್ರಮ ಬಂದಿದೆ. ಉದ್ದದ ತುಂಡುಗಳನ್ನು ನಾಟಿ ಮಾಡುವುದರ ಬದಲು ಒಂದೊಂದೇ ಕಣ್ಣನ್ನು ತೆಂಗಿನ ನಾರಿನ ಪುಡಿ ತುಂಬಿದ ಗುಳಿತಟ್ಟೆಗಳಲ್ಲಿಟ್ಟು ಸಸಿ ಬೆಳೆಸುತ್ತಾರೆ. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಮುಚ್ಚಿಡುತ್ತಾರೆ. ಒಳಗಿನ ಕತ್ತಲೆಯ ಕಾವಿಗೆ ವಾರದೊಳಗೆ ಕಣ್ಣು ಒಡೆಯುತ್ತದೆ. ಚಳಿಗಾಲದಲ್ಲಿ ಒಂದೆರಡು ದಿನ ಹೆಚ್ಚು ಬೇಕಾಗುತ್ತದೆ. ಕಣ್ಣು ಒಡೆದೊಡನೆ ತಟ್ಟೆಗಳನ್ನು ಬಿಡಿಸಿ ನೆರಳುಬಲೆಯ ಕೆಳಗೆ ಬೆಳಕಿಗೆ ಹರಡುತ್ತಾರೆ. ಸಕ್ಕರೆ ಕಾರ್ಖಾನೆಯಿರುವ ಮಾಕವಳ್ಳಿಯಂತಹ ಕಬ್ಬಿನ ಸೀಮೆಯವರಿಗೆ ಈ ಕ್ರಮದ ತತ್ತ್ವ ಬಹು ಬೇಗ ಅರ್ಥವಾದೀತು: ಮೊದಲು ಕಾವು, ಅನಂತರ ಬೆಳಕು. ಗದ್ದೆಯಲ್ಲಿ ಗಂಡಸರು ಮಾಡುವ ಈ ಕೆಲಸವನ್ನೇ ಮನೆಯೊಡತಿಯು ಬೊಗಸೆಯಷ್ಟು ಮಣ್ಣಿನಲ್ಲಿ ಮಾಡಬೇಕಾಗಿದೆ.

ಮಣ್ಣು, ಪಾತ್ರೆ, ಬಿತ್ತನೆ

ಪಾತ್ರೆಗೆ ಹಣ ಚೆಲ್ಲಬೇಕಾಗಿಲ್ಲ. ಹಳೆಯ ಮಂಕರಿ, ತಳದಲ್ಲಿ ತೂತು ಮಾಡಿದ ತೆಂಗಿನ ಕರಟ, ಹಾಲಿನ ಪ್ಯಾಕೆಟ್ಟು, ಎಲೆಯ ದೊನ್ನೆ ಯಾವುದಾದರೂ ಆದೀತು. ನಾಲ್ಕು ಬೆರಳು ಆಳವಿದ್ದು, ಹೆಚ್ಚಾದ ನೀರು ಕೆಳಗಿಳಿದು ಹೋಗುವಂತಿರಬೇಕು. ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮೂರನ್ನೂ ಸಮಭಾಗವಾಗಿ ಬೆರೆಸಿ ಜರಡಿ ಹಿಡಿಯಿರಿ. ಹಸಿಗೊಬ್ಬರ ಎಂದೂ ಕೂಡದು. ಅದರ ಉರಿಗೆ ಎಳೆಬೇರು ಸುಟ್ಟುಹೋಗುತ್ತದೆ. ತೆಂಗಿನ ನಾರಿನ ಪುಡಿಯನ್ನು ಬಳಸುವವರು ಅದನ್ನು ಎರಡು ಮೂರು ಸಲ ನೀರಿನಲ್ಲಿ ತೊಳೆದು ಒಗರು ಕಳೆದುಕೊಳ್ಳಬೇಕು. ಬೆರೆಸಿದ ಮಣ್ಣಿನ ಮೇಲೆ ಕುದಿಯುವ ನೀರು ಸುರಿದು ಆರಲು ಬಿಟ್ಟರೆ, ಸಸಿಯ ಬುಡ ಕೊಳೆಸುವ ಶಿಲೀಂಧ್ರಗಳು ಬಹುಮಟ್ಟಿಗೆ ನಾಶವಾಗುತ್ತವೆ.

ಬಿತ್ತುವ ಮುನ್ನ ಬೀಜದ ಜೀವ ಪರೀಕ್ಷಿಸುವುದು ಒಳ್ಳೆಯದು. 20 ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿನ ಕಡೆ ಇಡಿರಿ, ಬಟ್ಟೆ ಒಣಗಬಾರದು. ಹತ್ತು ದಿನಗಳಲ್ಲಿ 15ಕ್ಕೆ ಕಡಿಮೆಯಿಲ್ಲದೆ ಮೊಳೆತರೆ ಬೀಜ ಉತ್ತಮ. ಅರ್ಧಕ್ಕೂ ಕಡಿಮೆ ಮೊಳೆತರೆ ಎರಡರಷ್ಟು ಬೀಜ ಬಿತ್ತಬೇಕು. ಮೊಳೆತ ಬೀಜವನ್ನೂ ಎಸೆಯಬೇಕಾಗಿಲ್ಲ. ಮೆಲ್ಲಗೆ ಮಣ್ಣಿಗೆ ಹಾಕಿದರೆ ಅದೂ ಸಸಿಯಾಗುತ್ತದೆ.

ಬಿತ್ತನೆಯಲ್ಲಿ ಒಂದು ಅನುಕ್ರಮವಿದೆ. ಮೆಣಸಿನ ಸಸಿ ನಾಟಿಗೆ ಬರಲು 40ರಿಂದ 45 ದಿನ ಬೇಕು. ಬದನೆಗೆ 30ರಿಂದ 35. ಟೊಮೆಟೊಗೆ 25ರಿಂದ 30. ಆದುದರಿಂದ ಧನುರ್ಮಾಸ ಆರಂಭವಾಗುವ ಡಿಸೆಂಬರ್ 16ರ ಸುಮಾರಿಗೆ ಮೆಣಸಿನಕಾಯಿ, ಅದಾದ ವಾರಕ್ಕೆ ಬದನೆ, ಹೊಸ ವರ್ಷದ ಮೊದಲ ದಿನಗಳಲ್ಲಿ ಟೊಮೆಟೊ ಬಿತ್ತಿದರೆ ಮೂರೂ ಫೆಬ್ರವರಿಯ ಆರಂಭಕ್ಕೆ ಒಟ್ಟಿಗೆ ನಾಟಿಗೆ ಒದಗುತ್ತವೆ. ಬೀಜವನ್ನು ಅದರ ದಪ್ಪದ ಎರಡು ಮೂರರಷ್ಟು ಆಳಕ್ಕೆ ಮಾತ್ರ ಹೂಳಬೇಕು. ಆಮೇಲೆ ಕೈಯಿಂದ ನೀರು ಚಿಮುಕಿಸಿ, ಮೇಲೊಂದು ತೆಳು ಹೊದಿಕೆಯಾಗಿ ಭತ್ತದ ಹುಲ್ಲು ಹರಡಿ, ಪಾತ್ರೆಯ ಸುತ್ತ ಬೂದಿಯ ಗೆರೆ ಎಳೆಯಿರಿ. ಇರುವೆಯ ಕಾಟ ತಗ್ಗುತ್ತದೆ.

ಬೆಂಡೆ, ಅವರೆ, ಹೀರೆ, ಸೋರೆಗಳು ಬೇರು ಅಲುಗಿಸುವುದನ್ನು ಸಹಿಸವು. ಇವನ್ನು ನೇರವಾಗಿ ನೆಲಕ್ಕೆ ಹಾಕುವುದೇ ಲೇಸು. ಮುಂಚಿತವಾಗಿ ಬೇಕೆನ್ನುವವರು ಎಲೆಯ ದೊನ್ನೆಯಲ್ಲಿ ಒಂದೊಂದೇ ಬೀಜ ಬಿತ್ತಿ, ದೊನ್ನೆಯ ಸಮೇತ ಗುಂಡಿಯಲ್ಲಿ ಇಳಿಸಬಹುದು.

ಬೆಚ್ಚಗಿನ ಮೂಲೆ ಯಾವುದು?

ಸೌದೆಯ ಒಲೆಯಿರುವ ಮನೆಗಳಲ್ಲಿ ಇದಕ್ಕೆ ಉತ್ತರ ಸುಲಭ. ಒಲೆಯ ಹಿಂಬದಿಯ ಗೋಡೆಯ ಬಳಿ, ಬಚ್ಚಲುಮನೆಯ ಹಂಡೆಯ ಪಕ್ಕ, ಅಡಿಗೆಮನೆಯ ಅಟ್ಟ ಇವೆಲ್ಲ ರಾತ್ರಿಯಿಡೀ ಕಾವು ಹಿಡಿದಿರುತ್ತವೆ. ಗ್ಯಾಸ್ ಒಲೆಯ ಮನೆಗಳಲ್ಲಿ ಅಡಿಗೆ ಮುಗಿದೊಡನೆ ಕಾವೂ ಆರಿಹೋಗುತ್ತದೆ. ಅಂತಹವರು ಫ್ರಿಜ್ಜಿನ ಮೇಲ್ಭಾಗವನ್ನು ಆರಿಸಿಕೊಳ್ಳಬಹುದು. ಹಿತ್ತಲಿನಲ್ಲಿ ಗೊಬ್ಬರದ ಗುಂಡಿಯಿದ್ದರೆ, ಹೊಸದಾಗಿ ಹಾಕಿದ ಸಗಣಿ ಗಂಜಲದ ರಾಶಿಯ ಮೇಲೆ ಹಲಗೆಯಿಟ್ಟು, ಅದರ ಮೇಲೆ ಮಂಕರಿಯಿಟ್ಟು ಗೋಣಿಚೀಲ ಹೊದಿಸಬಹುದು. ಪ್ಯಾರಿಸಿನವರ ಲದ್ದಿಯ ಕಾವು ನಮ್ಮ ತಿಪ್ಪೆಯಲ್ಲಿ ಬಿಟ್ಟಿಯಾಗಿಯೇ ದೊರೆಯುತ್ತದೆ. ಎಲ್ಲಿಟ್ಟರೂ ಕೈಯಿಟ್ಟು ನೋಡುವುದೇ ಪರೀಕ್ಷೆ: ಮಣ್ಣು ಹಿತವಾಗಿ ಬೆಚ್ಚಗಿರಬೇಕೇ ಹೊರತು ಸುಡಬಾರದು.

ಮೊಳಕೆ ಕಾಣುವವರೆಗೆ ಈ ಬೀಜಗಳಿಗೆ ಬೆಳಕಿನ ಅಗತ್ಯವಿಲ್ಲ. ಆದರೆ ಮೊದಲ ಮೊಳಕೆ ತಲೆಯೆತ್ತಿದ ದಿನವೇ ಹುಲ್ಲನ್ನು ತೆಗೆದು ಬೆಳಕಿಗೆ ತರಬೇಕು. ಎರಡು ದಿನ ಉದಾಸೀನ ಮಾಡಿದರೂ ಸಸಿಗಳು ಬೆಳಕನ್ನು ಅರಸುತ್ತ ನೂಲಿನಂತೆ ಸಣಕಲಾಗಿ ಉದ್ದ ಬೆಳೆದು, ಬಿಳಿಚಿಕೊಂಡು ಬಾಗಿಬಿಡುತ್ತವೆ. ಅಂತಹ ಸಸಿ ಮುಂದೆ ಚೇತರಿಸಿಕೊಳ್ಳುವುದು ಅಪರೂಪ. ಇಬ್ಬನಿ ಆರಿದ ಮೇಲೆ ಜಗುಲಿಯ ಎಳೆಬಿಸಿಲಿಗೆ ಇಡುವುದು, ಸಂಜೆ ಹೊತ್ತಿಳಿಯುವ ಮುನ್ನ ಒಳಗೆ ತರುವುದು, ಇದಿಷ್ಟೇ ಮುಂದಿನ ಕೆಲಸ. ತಿಬೇರಿಯಸನ ಪಾತಿಗೆ ಚಕ್ರವಿದ್ದರೆ ನಮ್ಮ ಮಂಕರಿಗೆ ಮನೆಯ ಮಕ್ಕಳ ಕೈಗಳಿವೆ. ಶಾಲೆಗೆ ಹೋಗುವ ಮುನ್ನ ಹೊರಗಿಟ್ಟು, ಬಂದ ಮೇಲೆ ಒಳಗಿಡುವ ಹೊಣೆಯನ್ನು ಅವರಿಗೇ ಒಪ್ಪಿಸಿರಿ.

ನೀರನ್ನು ಬೆಳಿಗ್ಗೆ ಹಾಕಬೇಕು, ಸಂಜೆ ಕೂಡದು. ರಾತ್ರಿಯ ಚಳಿಯಲ್ಲಿ ಮಣ್ಣು ಒದ್ದೆಯಾಗಿದ್ದರೆ ನೆಲಮಟ್ಟದಲ್ಲಿಯೇ ಸಸಿಯ ಬುಡ ಕೊಳೆತು ಒಂದೇ ದಿನದಲ್ಲಿ ಗುಂಪು ಗುಂಪಾಗಿ ಮಲಗಿಬಿಡುತ್ತವೆ. ಮನೆಯೊಳಗಿನ ಸಸಿಮಡಿ ಸೋಲುವುದು ನೀರಿನ ಕೊರತೆಗಿಂತ ನೀರಿನ ಅತಿಯಿಂದಲೇ ಹೆಚ್ಚು. ದಟ್ಟವಾಗಿ ಎದ್ದ ಸಸಿಗಳಲ್ಲಿ ದುರ್ಬಲವಾದವನ್ನು ಕತ್ತರಿಸಿ ತೆಗೆದು, ಗಾಳಿಯಾಡುವಂತೆ ಮಾಡಬೇಕು.

ಇನ್ನೊಂದು ಎಚ್ಚರಿಕೆ ಅಗತ್ಯ. ಬಿಸಿಲು ಏರತೊಡಗಿದಂತೆ ಬಿಳಿನೊಣಗಳು ಹೆಚ್ಚುತ್ತವೆ. ಟೊಮೆಟೊದ ಎಲೆಮುದುಡು ರೋಗದ ವೈರಸ್ಸನ್ನು ಹರಡುವುದು ಇವೇ. ಎಳೆಯ ಸಸಿಗೆ ತಗುಲಿದರೆ ಗಿಡ ಫಲ ಕೊಡುವುದೇ ಇಲ್ಲ. ಹೊರಗಿಟ್ಟಾಗಲೆಲ್ಲ ಕಡ್ಡಿಗಳನ್ನು ಬಾಗಿಸಿ ನೆಟ್ಟು, ಮೇಲೆ ಸೊಳ್ಳೆಪರದೆಯ ಬಟ್ಟೆಯನ್ನೋ ಹಳೆಯ ತೆಳು ಸೀರೆಯ ತುಂಡನ್ನೋ ಹೊದಿಸಿದರೆ ಈ ಪೀಡೆಯಿಂದ ಬಹುಮಟ್ಟಿಗೆ ಪಾರಾಗಬಹುದು.

ನಾಟಿಗೆ ವಾರ ಮುಂಚಿತವಾಗಿ ನೀರನ್ನು ತಗ್ಗಿಸಿ, ಸಸಿಗಳನ್ನು ಹಗಲೆಲ್ಲ ಬಿಸಿಲಿನಲ್ಲಿ, ಕೊನೆಯ ಎರಡು ಮೂರು ರಾತ್ರಿ ಹೊರಗೇ ಬಿಟ್ಟು ಗಟ್ಟಿ ಮಾಡಬೇಕು. ಬಳಿಕ ಸಂಜೆಯ ತಂಪಿನಲ್ಲಿ ನೆಟ್ಟು ನೀರು ಕೊಟ್ಟರೆ ಸಸಿ ಬಾಡದೆ ಹಿಡಿದುಕೊಳ್ಳುತ್ತದೆ.

ಇಷ್ಟೆಲ್ಲ ಶ್ರಮ ಏತಕ್ಕೆ?

“ನರ್ಸರಿಯಲ್ಲಿ ಬೇಕಾದಷ್ಟು ಸಸಿ ದೊರೆಯುತ್ತದೆ; ಸಂತೆಗೆ ಹೋದಾಗ ತಂದು ನೆಟ್ಟರೆ ಮುಗಿಯಿತಲ್ಲ” ಎಂದು ಓದುಗ ಸೋದರಿಯರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಮಾರಾಟಕ್ಕೆ ಬೆಳೆಯುವವರು ನರ್ಸರಿಯ ಸಸಿಯನ್ನೇ ಆಶ್ರಯಿಸುವುದರಲ್ಲಿ ತಪ್ಪಿಲ್ಲ. ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಬಿಡುಗಡೆ ಮಾಡಿರುವ ಅರ್ಕಾ ರಕ್ಷಕ್ ಟೊಮೆಟೊದಂತಹ ಸಂಕರ ತಳಿಗಳು ಹಲವು ರೋಗಗಳನ್ನು ತಡೆದು ಅಧಿಕ ಇಳುವರಿ ಕೊಡುತ್ತವೆ. ಆದರೆ ಸಂಕರ ತಳಿಯ ಹಣ್ಣಿನಿಂದ ತೆಗೆದ ಬೀಜ ಮರುವರ್ಷ ಅದೇ ಗುಣದ ಗಿಡವನ್ನು ಕೊಡದು. ಪ್ರತಿ ಸಲವೂ ಹೊಸ ಬೀಜ ಕೊಳ್ಳಬೇಕು. ಮೇಲಾಗಿ ನರ್ಸರಿಯವರು ಬೆಳೆಸುವುದು ಹೆಚ್ಚಾಗಿ ಮಾರಾಟವಾಗುವ ನಾಲ್ಕಾರು ತಳಿಗಳನ್ನು ಮಾತ್ರ. ನಿಮ್ಮ ಅತ್ತೆಯವರು ತವರಿನಿಂದ ತಂದ ಗುಂಡುಬದನೆಯ ಬೀಜ, ಅಜ್ಜಿಯವರು ಸೋರೆಬುರುಡೆಯಲ್ಲಿ ಬೂದಿ ಬೆರೆಸಿ ಇಟ್ಟ ಮೆಣಸಿನ ಬೀಜ ಯಾವ ನರ್ಸರಿಯಲ್ಲೂ ದೊರೆಯುವುದಿಲ್ಲ. ಅದು ಉಳಿದಿರುವುದು ನಿಮ್ಮ ಮನೆಯಲ್ಲಿ ಮಾತ್ರ.

ಇಲ್ಲಿಯೇ ಗಮನಿಸಬೇಕಾದ ಸಂಗತಿಯಿದೆ. ಬೀಜವು ಬಂಗಾರದ ಒಡವೆಯಂತೆ ಪೆಟ್ಟಿಗೆಯಲ್ಲಿ ಉಳಿಯುವ ವಸ್ತುವಲ್ಲ. ಸಾಧಾರಣ ಮನೆಯ ವಾತಾವರಣದಲ್ಲಿ ಟೊಮೆಟೊ, ಬದನೆಯ ಬೀಜದ ಜೀವ ಸುಮಾರು ನಾಲ್ಕು ವರ್ಷ. ಮೆಣಸಿನಕಾಯಿ, ಬೆಂಡೆಯದು ಎರಡು ವರ್ಷ. ಈರುಳ್ಳಿಯದು ಒಂದೇ ವರ್ಷ. “ಈ ವರ್ಷ ಚಳಿ ಹೆಚ್ಚು, ಮುಂದಿನ ವರ್ಷ ನೋಡೋಣ” ಎಂದು ಎರಡು ಮಾಗಿಗಳನ್ನು ಕಳೆದರೆ ಮೂರು ತಲೆಮಾರಿನಿಂದ ಬಂದ ಮೆಣಸಿನ ತಳಿ ಮನೆಯಿಂದ ಹೇಳದೆ ಹೊರಟುಹೋಗುತ್ತದೆ. ಹಗೇವು, ವಾಡೆ, ಗುಡಾಣಗಳು ಮರೆಯಾದಂತೆ ಅವುಗಳ ಪಕ್ಕದಲ್ಲಿದ್ದ ಬೀಜದ ಬುರುಡೆಗಳೂ ಮರೆಯಾಗುತ್ತಿವೆ. ಒಡವೆ ಕಳೆದರೆ ಮತ್ತೆ ಮಾಡಿಸಬಹುದು. ಕಳೆದ ತಳಿಯನ್ನು ಮಾಡಿಸಿಕೊಡುವ ಅಕ್ಕಸಾಲಿಗನಿಲ್ಲ.

ಉಡುಪಿಯ ಮಟ್ಟು ಗುಳ್ಳ, ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದು ನಾಡಿನಾಚೆಗೂ ಹೆಸರಾದವು. ಅವುಗಳ ಬೀಜವನ್ನು ಆಯಾ ಸೀಮೆಯ ಮನೆಗಳವರು ವರ್ಷ ವರ್ಷವೂ ಬಿತ್ತಿ, ಆರಿಸಿ, ಎತ್ತಿಟ್ಟುಕೊಂಡು ಬಂದಿರದಿದ್ದರೆ ಮಾನ್ಯತೆ ಪಡೆಯಲು ಏನು ಉಳಿದಿರುತ್ತಿತ್ತು? ನಮ್ಮ ಜಿಲ್ಲೆಯಲ್ಲಿಯೇ, ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನ ರೈತ ಸೈಯದ್ ಘನಿ ಖಾನ್ ಅವರು ನೂರಾರು ಭತ್ತದ ತಳಿಗಳನ್ನು ಕಾಪಾಡಿಕೊಂಡು ಬಂದಿರುವುದು ಅನೇಕರಿಗೆ ತಿಳಿದಿದೆ. ಅವರು ಬೀಜವನ್ನು ಸೀಸೆಗಳಲ್ಲಿ ತುಂಬಿಟ್ಟು ಸುಮ್ಮನಾದವರಲ್ಲ. ಗದ್ದೆಯಲ್ಲಿ ಬಿತ್ತಿ ಬೆಳೆದೇ ಉಳಿಸಿಕೊಂಡವರು. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯೂ ತಾನು ಬೆಳೆದ ಬೀಜವನ್ನು ಎತ್ತಿಡುವ, ಮರಳಿ ಬಿತ್ತುವ, ನೆರೆಹೊರೆಯವರೊಡನೆ ಹಂಚಿಕೊಳ್ಳುವ ರೈತನ ಹಕ್ಕನ್ನು ಎತ್ತಿಹಿಡಿದಿದೆ. ಹಕ್ಕು ಕಾಯಿದೆಯಲ್ಲಿದ್ದರೆ ಸಾಲದು, ಬೀಜ ಕೈಯಲ್ಲಿರಬೇಕು.

ಆದುದರಿಂದ ಗಿಡ ಫಲಕ್ಕೆ ಬಂದಾಗ ಆರೋಗ್ಯವಾದ ಗಿಡದ ಒಂದು ಒಳ್ಳೆಯ ಕಾಯಿಗೆ ದಾರ ಕಟ್ಟಿ ಬೀಜಕ್ಕೆಂದು ಬಿಡಿರಿ. ಬದನೆ ಗಿಡದಲ್ಲಿಯೇ ಹಳದಿಯಾಗಿ ಮಾಗಬೇಕು, ಮೆಣಸು ಕೆಂಪೇರಬೇಕು, ಟೊಮೆಟೊದ ತಿರುಳನ್ನು ಒಂದೆರಡು ದಿನ ಹುಳಿಯಲು ಬಿಟ್ಟು ತೊಳೆದು ಬೀಜ ತೆಗೆಯಬೇಕು. ಬದನೆ, ಮೆಣಸಿನಲ್ಲಿ ಜೇನ್ನೊಣಗಳಿಂದ ಬೆರಕೆಯಾಗುವುದರಿಂದ, ಎರಡು ತಳಿಗಳನ್ನು ಬೆಳೆಸುವವರು ಬೀಜದ ಹೂವಿಗೆ ಅರಳುವ ಮುನ್ನ ತೆಳುಬಟ್ಟೆಯ ಚೀಲ ಕಟ್ಟಿ, ಕಾಯಿ ಕಚ್ಚಿದ ಮೇಲೆ ಬಿಚ್ಚಬೇಕು. ನೆರಳಿನಲ್ಲಿ ಒಣಗಿಸಿ, ಬೂದಿ ಬೆರೆಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ತಳಿಯ ಹೆಸರು ಮತ್ತು ವರ್ಷವನ್ನು ಬರೆದಿಡಿರಿ. ಒಂದು ಹಿಡಿಯನ್ನು ನೆರೆಮನೆಗೆ ಕೊಟ್ಟಿರಿ. ನಿಮ್ಮಲ್ಲಿ ತಪ್ಪಿದರೂ ಅವರಲ್ಲಿ ಉಳಿದೀತು. ಮಗಳನ್ನು ಗಂಡನ ಮನೆಗೆ ಕಳುಹಿಸುವಾಗ ಮಡಿಲಕ್ಕಿಯ ಜೊತೆಗೆ ಒಂದು ಪುಟ್ಟ ಪೊಟ್ಟಣ ಬೀಜವನ್ನೂ ಇಟ್ಟರೆ, ತಳಿಯೊಂದು ಇನ್ನೊಂದು ಊರಿನಲ್ಲಿ ಬೇರೂರುತ್ತದೆ.

ಮಾಗಿಯ ಚಳಿ ಹೆಚ್ಚು ದಿನ ನಿಲ್ಲುವುದಿಲ್ಲ. ಶಿವರಾತ್ರಿಗೆ ಅದು ಶಿವಶಿವಾ ಎನ್ನುತ್ತ ಹೊರಟುಹೋಗುತ್ತದೆ. ಅದಕ್ಕೆ ಮೊದಲು ಅಟ್ಟದ ಮೇಲಿನ ಡಬ್ಬಿಗಳನ್ನು ಇಳಿಸಿ, ಯಾವ ಬೀಜಕ್ಕೆ ಎಷ್ಟು ವರ್ಷವಾಯಿತೆಂದು ನೋಡಿರಿ. ಎಲ್ಲಕ್ಕಿಂತ ಹಳೆಯದನ್ನು ಮೊದಲು ಬಿತ್ತಿರಿ.